ಬಾಗಿಲು ತೆಗೆದವನ ಪುಣ್ಯ

ನಾಗಚಂದ್ರನ ರಾಮಚಂದ್ರಚರಿತ ಪುರಾಣವನ್ನು ಪಾಠ ಹೇಳುವ ಅಧ್ಯಾಪಕನಿಗೆ ವರ್ಷಕ್ಕೊಮ್ಮೆ ಒಂದು ಸುಖ ತಪ್ಪದೆ ಒದಗುತ್ತದೆ. ರಾವಣನ ಮನಸ್ಸು ತಿರುಗುವ ಸಂದರ್ಭ ಬಂದಾಗ ಕಡೆಯ ಬೆಂಚಿನ ಹುಡುಗರೂ ತಲೆಯೆತ್ತಿ ಕೂರುತ್ತಾರೆ. ಸೆರೆಯಲ್ಲಿರುವ ಸೀತೆಯ ಸಂಕಟವನ್ನು ಕಣ್ಣಾರೆ ಕಂಡ ರಾವಣನಿಗೆ ತನ್ನ ಕೆಲಸದ ಹೀನತನ ಹೊಳೆಯುತ್ತದೆ. ಬುದ್ಧಿ ಹೇಳಿದ ತಮ್ಮನನ್ನು ದೂರ ಮಾಡಿಕೊಂಡೆನಲ್ಲ ಎಂದು ನೊಂದುಕೊಳ್ಳುತ್ತಾನೆ. ಅವಳನ್ನು ರಾಮನಿಗೆ ಒಪ್ಪಿಸಬೇಕೆಂದು ನಿಶ್ಚಯಿಸುತ್ತಾನೆ. ಆದರೆ ಈಗಲೇ ಅಲ್ಲ. ಈಗ ಒಪ್ಪಿಸಿದರೆ ಹೆದರಿ ಒಪ್ಪಿಸಿದನೆಂದು ಲೋಕ ನಗುತ್ತದೆ. ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು, ಸೆರೆಹಿಡಿದು ತಂದು, ಆಮೇಲೆ ಗೌರವದಿಂದ ಕೊಟ್ಟರಾಯಿತು ಎಂದುಕೊಳ್ಳುತ್ತಾನೆ. ಆ 'ಆಮೇಲೆ' ಬರುವುದೇ ಇಲ್ಲ. ರಣರಂಗದಲ್ಲಿ ಲಕ್ಷ್ಮಣನ ಕೈಯಲ್ಲಿ ಸಾಯುತ್ತಾನೆ.

ಈ ವರ್ಷ ಪಾಠ ಇಲ್ಲಿಗೆ ಬಂದಾಗ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ರಾವಣ ಆಗಲೇ ಸೀತೆಯನ್ನು ಹಿಂದಕ್ಕೆ ಕೊಟ್ಟುಬಿಟ್ಟಿದ್ದರೆ ಅವನನ್ನು ನಾವು ದೊಡ್ಡವನೆಂದು ಹೊಗಳಬೇಕಾಗಿತ್ತೇ? ಕದ್ದುಕೊಂಡು ಹೋದವನೂ ಅವನೇ ಅಲ್ಲವೇ?" ಗಂಟೆ ಬಾರಿಸಿದ್ದರಿಂದ ನನ್ನ ಮಾನ ಉಳಿಯಿತು. ನಾಳೆ ಹೇಳುತ್ತೇನೆ ಎಂದು ಪುಸ್ತಕ ಮುಚ್ಚಿದೆ. ಆದರೆ ಮನೆಗೆ ನಡೆದು ಬರುವಾಗ ಆ ಪ್ರಶ್ನೆಯ ಜೊತೆಗೆ ಪುರಾಣದ ರಾವಣನಲ್ಲ, ನಮ್ಮ ಕಾಲದ ಒಬ್ಬ ಮನುಷ್ಯ ನೆನಪಿಗೆ ಬರತೊಡಗಿದ. ದಕ್ಷಿಣ ಆಫ್ರಿಕದ ಅಧ್ಯಕ್ಷನಾಗಿದ್ದ ಫ್ರೆಡರಿಕ್ ವಿಲೆಮ್ ಡಿ ಕ್ಲರ್ಕ್.

ಈ ಹೆಸರನ್ನು ಇಂದಿನ ಹುಡುಗರು ಕೇಳಿರಲಾರರು. ನೆಲ್ಸನ್ ಮಂಡೇಲಾ ಅವರ ಹೆಸರನ್ನು ಎಲ್ಲರೂ ಬಲ್ಲರು. ಅವರು ಸೆರೆಮನೆಯಲ್ಲಿ ಇಪ್ಪತ್ತೇಳು ವರ್ಷ ಕಳೆದರೆಂಬುದನ್ನೂ ಬಲ್ಲರು. ಆ ಸೆರೆಮನೆಯ ಬಾಗಿಲನ್ನು ತೆಗೆಸಿದವನು ಡಿ ಕ್ಲರ್ಕ್. ಅದಕ್ಕಾಗಿ ೧೯೯೩ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಮಂಡೇಲಾ ಅವರ ಜೊತೆ ಹಂಚಿಕೊಂಡ. ೨೦೨೧ರ ನವೆಂಬರ್ ೧೧ರಂದು ಆತ ತೀರಿಕೊಂಡಾಗ ಹೊರ ಜಗತ್ತಿನ ಪತ್ರಿಕೆಗಳಲ್ಲಿ ಹೊಗಳಿಕೆ ಬಂತು. ಆತನ ಸ್ವಂತ ದೇಶದಲ್ಲಿ ಅನೇಕರು ಹೊಗಳುವುದಿರಲಿ, ಸಂತಾಪ ಹೇಳುವುದಕ್ಕೂ ಹಿಂಜರಿದರು. ಬಾಗಿಲು ತೆಗೆದವನು ನಿಜ, ಆದರೆ ಬೀಗ ಹಾಕಿದವರ ಮನೆಯವನೇ ಅಲ್ಲವೇ ಎಂಬುದು ಅವರ ಮಾತು. ನನ್ನ ವಿದ್ಯಾರ್ಥಿನಿಯ ಪ್ರಶ್ನೆಯೂ ಅದೇ.

ಮೇಲಿನ ಸಾಲುಗಳನ್ನು ಬರೆದ ಮೇಲೆ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ಮಂಡೇಲಾ ಅವರಿಗೆ ಬಹುವಚನ, ಡಿ ಕ್ಲರ್ಕನಿಗೆ ಏಕವಚನ ನನ್ನ ಲೇಖನಿಯಿಂದ ತಾನಾಗಿ ಬಂದುಬಿಟ್ಟಿದೆ. ಕನ್ನಡದಲ್ಲಿ ಇದೊಂದು ಕಷ್ಟ. ವಿಚಾರಣೆ ಮುಗಿಯುವ ಮೊದಲೇ ಕ್ರಿಯಾಪದ ತೀರ್ಪು ಕೊಟ್ಟುಬಿಡುತ್ತದೆ. ತಿದ್ದೋಣವೆಂದುಕೊಂಡೆ, ಹಾಗೆಯೇ ಬಿಟ್ಟಿದ್ದೇನೆ. ನನ್ನ ಒಲವು ಎತ್ತ ಇದೆಯೆಂಬುದು ಓದುಗರಿಗೆ ಗೊತ್ತಿದ್ದರೆ ಒಳ್ಳೆಯದು. ಈ ಬಹುವಚನದ ವಿಷಯಕ್ಕೆ ಮತ್ತೆ ಬರುತ್ತೇನೆ.

ಡಿ ಕ್ಲರ್ಕ್ ಹುಟ್ಟಿದ್ದು ೧೯೩೬ರಲ್ಲಿ, ಜೋಹಾನ್ಸ್‌ಬರ್ಗಿನಲ್ಲಿ. ಮನೆತನವೇ ರಾಜಕೀಯದ್ದು. ತಂದೆ ಸಚಿವ, ಮುಂದೆ ಸೆನೆಟ್ಟಿನ ಅಧ್ಯಕ್ಷ. ಸೋದರತ್ತೆಯ ಗಂಡ ಸ್ಟ್ರೈಡೊಮ್ ೧೯೫೪ರಿಂದ ೧೯೫೮ರವರೆಗೆ ದೇಶದ ಪ್ರಧಾನಿ. ಇವರೆಲ್ಲರೂ ನ್ಯಾಷನಲ್ ಪಕ್ಷದವರು. ೧೯೪೮ರಲ್ಲಿ ಅಧಿಕಾರಕ್ಕೆ ಬಂದ ಆ ಪಕ್ಷ ಮೊದಲೇ ಇದ್ದ ಬಣ್ಣದ ತಾರತಮ್ಯವನ್ನು ಕಾನೂನಿನ ಎರಕದಲ್ಲಿ ಹೊಯ್ದು ಗಟ್ಟಿ ಮಾಡಿತು. ೧೯೫೦ರ ಒಂದು ಕಾಯಿದೆ ಪ್ರತಿಯೊಬ್ಬ ಮನುಷ್ಯನನ್ನೂ ಬಣ್ಣದ ಪಟ್ಟಿಯಲ್ಲಿ ಬರೆದಿಟ್ಟಿತು. ಅದೇ ವರ್ಷದ ಇನ್ನೊಂದು ಕಾಯಿದೆ ಯಾವ ಬಣ್ಣದವರು ಯಾವ ಬೀದಿಯಲ್ಲಿ ವಾಸಿಸಬೇಕೆಂದು ಗೆರೆ ಎಳೆಯಿತು. ಕರಿಯ ಜನ ತಮ್ಮದೇ ನಾಡಿನಲ್ಲಿ ಓಡಾಡಲು ರಹದಾರಿ ಪುಸ್ತಕ ಹಿಡಿದಿರಬೇಕಾಗಿತ್ತು. ಅದನ್ನು ಪ್ರತಿಭಟಿಸಿ ೧೯೬೦ರ ಮಾರ್ಚ್ ೨೧ರಂದು ಶಾರ್ಪ್‌ವಿಲ್‌ನಲ್ಲಿ ಸೇರಿದ ಗುಂಪಿನ ಮೇಲೆ ಪೋಲೀಸರು ಗುಂಡು ಹಾರಿಸಿ ೬೯ ಮಂದಿಯನ್ನು ಕೊಂದರು. ಅಂಥ ವ್ಯವಸ್ಥೆಯ ಮಡಿಲಲ್ಲಿ ಬೆಳೆದ ಹುಡುಗ ವಕೀಲನಾಗಿ, ೧೯೭೨ರಲ್ಲಿ ಪಾರ್ಲಿಮೆಂಟಿನ ಸದಸ್ಯನಾಗಿ, ಸಚಿವನಾಗಿ ಮೆಟ್ಟಿಲೇರಿದ. ಪಕ್ಷದೊಳಗೆ ಆತನಿಗೆ ಸಂಪ್ರದಾಯವಾದಿಯೆಂಬ ಹೆಸರಿತ್ತು.

ಆತ ಹಾಗಾದದ್ದು ಹುಟ್ಟಿನ ಫಲ, ಆತನದೇನು ತಪ್ಪು ಎಂದು ಕೇಳಬಹುದು. ಅದಕ್ಕೆ ಉತ್ತರ ಆ ಮನೆಯಲ್ಲಿಯೇ ಇದೆ. ಡಿ ಕ್ಲರ್ಕನಿಗೆ ಅಣ್ಣನೊಬ್ಬನಿದ್ದ, ವಿಲೆಮ್. ಅದೇ ತಂದೆ, ಅದೇ ಊಟ, ಅದೇ ಚರ್ಚು. ಈ ಅಣ್ಣ ಪತ್ರಕರ್ತನಾಗಿ, ಉದಾರ ವಿಚಾರಗಳ ಕಡೆಗೆ ತಿರುಗಿ, ೧೯೮೯ರಲ್ಲಿ ತಮ್ಮನ ಪಕ್ಷಕ್ಕೆ ಎದುರಾಗಿ ಹುಟ್ಟಿದ ಡೆಮೊಕ್ರಾಟಿಕ್ ಪಕ್ಷದ ಸ್ಥಾಪಕರಲ್ಲಿ ಒಬ್ಬನಾದ. ಲಂಕೆಯ ಅರಮನೆಯಲ್ಲಿಯೂ ವಿಭೀಷಣನೊಬ್ಬ ಬೆಳೆಯಬಲ್ಲ. ಹುಟ್ಟು ಕಣ್ಣಿಗೆ ಪಟ್ಟಿ ಕಟ್ಟುತ್ತದೆ, ನಿಜ. ಪಟ್ಟಿ ಬಿಚ್ಚುವ ಕೈಗಳನ್ನು ಮಾತ್ರ ಕಟ್ಟುವುದಿಲ್ಲ.

ಇನ್ನು ಆತನ ದೊಡ್ಡ ದಿನ. ೧೯೮೯ರಲ್ಲಿ ಅಧ್ಯಕ್ಷ ಬೋಥಾ ಕಾಯಿಲೆ ಬಿದ್ದು, ಪಕ್ಷದ ನಾಯಕತ್ವವೂ ಆಮೇಲೆ ಅಧ್ಯಕ್ಷ ಪದವಿಯೂ ಡಿ ಕ್ಲರ್ಕನಿಗೆ ಬಂದವು. ಯಾರೂ ಹೆಚ್ಚೇನನ್ನೂ ನಿರೀಕ್ಷಿಸಿರಲಿಲ್ಲ. ೧೯೯೦ರ ಫೆಬ್ರವರಿ ೨ರಂದು ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್, ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್, ಕಮ್ಯುನಿಸ್ಟ್ ಪಕ್ಷ ಇವುಗಳ ಮೇಲಿನ ನಿಷೇಧವನ್ನು ತೆಗೆದಿದ್ದೇನೆ, ಮಂಡೇಲಾರನ್ನು ಷರತ್ತಿಲ್ಲದೆ ಬಿಡುತ್ತೇನೆ ಎಂದು ಸಾರಿದ. ಒಂಬತ್ತು ದಿನಗಳ ಮೇಲೆ ಮಂಡೇಲಾ ವಿಕ್ಟರ್ ವರ್ಸ್ಟರ್ ಸೆರೆಮನೆಯಿಂದ ಹೊರಗೆ ನಡೆದು ಬಂದರು. ಆಗ ನನಗೆ ಹತ್ತು ವರ್ಷ. ಪಕ್ಕದ ಮನೆಯ ಕಪ್ಪುಬಿಳುಪು ಟೆಲಿವಿಷನ್ನಿನಲ್ಲಿ ಒಬ್ಬ ಎತ್ತರದ ಮುದುಕ ಮುಷ್ಟಿ ಎತ್ತಿ ನಡೆಯುವುದನ್ನು ಕಂಡದ್ದು ನೆನಪಿದೆ. ಯಾರು, ಏಕೆ ಎಂಬುದೇನೂ ಗೊತ್ತಿರಲಿಲ್ಲ. ಮುಂದಿನ ವರ್ಷ, ೧೯೯೧ರಲ್ಲಿ, ಬಣ್ಣದ ಪಟ್ಟಿಯ ಕಾಯಿದೆ, ಬೀದಿ ಹಂಚುವ ಕಾಯಿದೆ, ಕರಿಯರನ್ನು ನೆಲದಿಂದ ಹೊರಗಿಟ್ಟಿದ್ದ ಕಾಯಿದೆ ಎಲ್ಲವೂ ರದ್ದಾದವು. ೧೯೯೪ರ ಏಪ್ರಿಲ್ ೨೭ರಂದು ಎಲ್ಲ ಬಣ್ಣದವರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು. ಡಿ ಕ್ಲರ್ಕ್ ಸೋತು, ಅಧಿಕಾರವನ್ನು ಮಂಡೇಲಾರಿಗೆ ಒಪ್ಪಿಸಿ, ಅವರ ಕೈಕೆಳಗೆ ಉಪಾಧ್ಯಕ್ಷರಲ್ಲಿ ಒಬ್ಬನಾಗಿ ಕೂತ.

ಇದು ಪುಣ್ಯದ ಕೆಲಸವೇ? ಅಲ್ಲವೆನ್ನುವವರು ಹೇಳುವುದು ಹೀಗೆ: ಆತ ಮನಸ್ಸು ಕರಗಿ ಮಾಡಿದ್ದಲ್ಲ, ಬೇರೆ ದಾರಿಯಿಲ್ಲದೆ ಮಾಡಿದ್ದು. ಊರೂರಿನಲ್ಲಿ ದಂಗೆ, ಹೊರದೇಶಗಳ ಬ್ಯಾಂಕುಗಳು ಸಾಲ ಕೊಡುವುದನ್ನು ನಿಲ್ಲಿಸಿದ್ದವು, ಜಗತ್ತು ವ್ಯಾಪಾರವನ್ನೂ ಆಟವನ್ನೂ ಬಹಿಷ್ಕರಿಸಿತ್ತು. ೧೯೮೯ರ ನವೆಂಬರಿನಲ್ಲಿ ಬರ್ಲಿನ್ನಿನ ಗೋಡೆ ಬಿತ್ತು. ಕಮ್ಯುನಿಸ್ಟರ ಭೂತವನ್ನು ತೋರಿಸಿ ಪಶ್ಚಿಮದ ದೇಶಗಳ ಸಹಾಯ ಪಡೆಯುವ ಉಪಾಯವೂ ಅದರೊಂದಿಗೆ ಬಿತ್ತು. ಮುಳುಗುವ ಹಡಗಿನಿಂದ ಹಾರಿದವನನ್ನು ತ್ಯಾಗಿ ಎನ್ನುತ್ತೇವೆಯೇ? ಜರ್ಮನಿಯ ತತ್ತ್ವಜ್ಞ ಕಾಂಟ್ ಒಬ್ಬ ಅಂಗಡಿಕಾರನ ಉದಾಹರಣೆ ಕೊಡುತ್ತಾನೆ. ಬೆಲೆ ತಿಳಿಯದ ಮಗು ಬಂದರೂ ಅವನು ಮೋಸ ಮಾಡುವುದಿಲ್ಲ. ಆದರೆ ಮೋಸ ಮಾಡಿದರೆ ಗಿರಾಕಿ ತಪ್ಪುತ್ತಾರೆಂಬುದೇ ಅವನ ಕಾರಣವಾದರೆ, ಅವನ ಕೆಲಸ ಸರಿಯಾದದ್ದು, ಆದರೆ ಧರ್ಮದ ಬೆಲೆ ಅದಕ್ಕಿಲ್ಲ.

ಕಾಂಟನ ಮಾತು ದೊಡ್ಡದು. ಆದರೂ ನನಗೆ ತೋರುವ ಮಟ್ಟಿಗೆ ಇದು ಅಷ್ಟು ಸುಲಭವಾಗಿ ಮುಗಿಯುವ ಲೆಕ್ಕವಲ್ಲ. ಒತ್ತಡ ಡಿ ಕ್ಲರ್ಕನೊಬ್ಬನ ಮೇಲೆಯೇ ಇತ್ತೇ? ಅವನ ಹಿಂದಿನ ಬೋಥಾನ ಮೇಲೂ ಇತ್ತು. ೧೯೮೫ರ ಆಗಸ್ಟ್ ೧೫ರಂದು ಡರ್ಬನ್ನಿನಲ್ಲಿ ಬೋಥಾ ಭಾಷಣಕ್ಕೆ ನಿಂತಾಗ ದೊಡ್ಡ ಸುಧಾರಣೆಯನ್ನು ಸಾರುತ್ತಾನೆಂದು ಜಗತ್ತು ಕಿವಿಗೊಟ್ಟು ಕಾದಿತ್ತು. ಆತ ಬೆರಳೆತ್ತಿ ಗದರಿಸಿ, ಹೊರಗಿನವರ ಒತ್ತಡಕ್ಕೆ ಮಣಿಯುವವನು ನಾನಲ್ಲ ಎಂಬ ಧಾಟಿಯಲ್ಲಿ ಮಾತು ಮುಗಿಸಿದ. ಹೆದರಿ ಕೊಟ್ಟನೆಂದು ಲೋಕ ನಗಬಾರದು! ನಾಗಚಂದ್ರನ ರಾವಣನ ತರ್ಕ ಎಂಟುನೂರು ವರ್ಷಗಳ ಮೇಲೆ ಡರ್ಬನ್ನಿನ ವೇದಿಕೆಯಲ್ಲಿ ಕೇಳಿಬಂತು. ಬೋಥಾನಿಗೂ ಡಿ ಕ್ಲರ್ಕನಿಗೂ ನಡುವೆ ಕಳೆದ ಆ ವರ್ಷಗಳಲ್ಲಿ ಎಷ್ಟು ತಾಯಂದಿರು ಮಕ್ಕಳನ್ನು ಕಳೆದುಕೊಂಡರು! ಡಿ ಕ್ಲರ್ಕನೂ ಹಟ ಹಿಡಿದಿದ್ದರೆ ಸೈನ್ಯ, ಪೋಲೀಸು, ಖಜಾನೆ ಇನ್ನೂ ಕೈಯಲ್ಲಿದ್ದವು. ಹತ್ತು ವರ್ಷ ಎಳೆಯಬಹುದಾಗಿತ್ತು. ಅದೂ ಅಲ್ಲದೆ ದಕ್ಷಿಣ ಆಫ್ರಿಕ ಗುಟ್ಟಾಗಿ ಆರು ಅಣುಬಾಂಬುಗಳನ್ನು ಮಾಡಿ ಇಟ್ಟುಕೊಂಡಿತ್ತು. ಅವನ್ನು ಬಿಚ್ಚಿ ಹಾಕಿದ್ದೇವೆಂದು ೧೯೯೩ರ ಮಾರ್ಚಿನಲ್ಲಿ ಡಿ ಕ್ಲರ್ಕನೇ ತಿಳಿಸಿದ. ಕರಿಯರ ಸರಕಾರದ ಕೈಗೆ ಬಾಂಬು ಸಿಗಬಾರದೆಂದು ಹಾಗೆ ಮಾಡಿದನೆನ್ನುವವರಿದ್ದಾರೆ. ಇರಬಹುದು. ಕಾರಣ ಏನೇ ಇರಲಿ, ಬಾಂಬು ಹೋಯಿತು.

ಸೋಲುವ ಆಟದಿಂದ ಏಳುವುದಕ್ಕೂ ಒಂದು ಎದೆಗಾರಿಕೆ ಬೇಕು. ನಮ್ಮ ದುರ್ಯೋಧನನಿಗೆ ಅದು ಇರಲಿಲ್ಲ. ಅದರಿಂದಲೇ ರನ್ನನ ಕೈಯಲ್ಲಿ ಅವನು ಹೆಣಗಳನ್ನು ಮೆಟ್ಟಿಕೊಂಡು ರಣರಂಗದಲ್ಲಿ ನಡೆಯಬೇಕಾಯಿತು. ಒತ್ತಡ ಬಂದಾಗ ಎಲ್ಲರೂ ಬಗ್ಗುತ್ತಾರೆಂಬುದು ಸುಳ್ಳು. ಹಲವರು ಮುರಿಯುತ್ತಾರೆ, ಮುರಿಯುವಾಗ ಸುತ್ತಲಿನವರ ಮೇಲೆ ಬೀಳುತ್ತಾರೆ. ಆದ್ದರಿಂದ ೧೯೯೦ರ ಫೆಬ್ರವರಿ ೨ನ್ನು ಡಿ ಕ್ಲರ್ಕನ ಜಮಾ ಬದಿಯಲ್ಲಿ ಬರೆಯಲು ನಾನು ಹಿಂಜರಿಯುವುದಿಲ್ಲ.

ಆದರೆ ಖರ್ಚಿನ ಬದಿ ಖಾಲಿಯಾಗಿಲ್ಲ. ಬಾಗಿಲು ತೆಗೆದ ಮೇಲಿನ ನಾಲ್ಕು ವರ್ಷಗಳಲ್ಲಿಯೂ ರಕ್ತ ಹರಿಯಿತು. ೧೯೯೨ರ ಜೂನ್ ೧೭ರ ರಾತ್ರಿ ಬೋಯಿಪಾಟಾಂಗ್ ಎಂಬಲ್ಲಿ ನಡೆದ ಕಗ್ಗೊಲೆಯ ಮೇಲೆ ಮಂಡೇಲಾರ ಪಕ್ಷ ಮಾತುಕತೆಯನ್ನೇ ನಿಲ್ಲಿಸಿತು. ೧೯೯೩ರ ಅಕ್ಟೋಬರ್ ೮ರಂದು, ಉಗ್ರಗಾಮಿಗಳ ಅಡಗುತಾಣವೆಂದು ಹೇಳಿ ಮ್ಥಾಥಾ ಪಟ್ಟಣದ ಒಂದು ಮನೆಯ ಮೇಲೆ ಸೈನ್ಯ ದಾಳಿ ಮಾಡಿತು. ಅದಕ್ಕೆ ಅನುಮತಿ ಕೊಟ್ಟವನು ಡಿ ಕ್ಲರ್ಕ್. ಸತ್ತವರು ಐವರು, ಎಳೆಯ ವಯಸ್ಸಿನವರು. ನೊಬೆಲ್ ಪಾರಿತೋಷಕದ ಸುದ್ದಿ ಬಂದದ್ದು ಅದಾದ ಒಂದು ವಾರಕ್ಕೆ. ಇನ್ನೂ ಹಿಂದಕ್ಕೆ ಹೋದರೆ, ೧೯೮೫ರ ಜೂನಿನಲ್ಲಿ ಕ್ರಾಡಕ್ ಎಂಬ ಊರಿನ ನಾಲ್ವರು ಹೋರಾಟಗಾರರನ್ನು ಪೋಲೀಸರು ದಾರಿಯಲ್ಲಿ ತಡೆದು ಕೊಂದು ಸುಟ್ಟಿದ್ದರು. ಡಿ ಕ್ಲರ್ಕ್ ಆಗ ಸಚಿವ. ಆತನಿಗೆ ಏನು ಗೊತ್ತಿತ್ತೆಂದು ಅವರ ಮನೆಯವರು ಕೇಳುತ್ತಲೇ ಬಂದರು. ಆ ಸಾವುಗಳ ಹೊಸ ವಿಚಾರಣೆ ಮೊದಲಾದದ್ದು ನಲವತ್ತು ವರ್ಷಗಳ ಮೇಲೆ, ೨೦೨೫ರಲ್ಲಿ. ಅಷ್ಟು ಹೊತ್ತಿಗೆ ಹೇಳಬೇಕಾದವನೇ ಇರಲಿಲ್ಲ.

ಆದರೆ ಆತನ ಜನ ಆತನನ್ನು ಕ್ಷಮಿಸಲಾರದೆ ಹೋದದ್ದು ಈ ಸಾವುಗಳಿಗಾಗಿ ಮಾತ್ರವಲ್ಲ. ಅದು ಒಂದು ಮಾತಿಗಾಗಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಆತ ಆಡದೆ ಉಳಿಸಿಕೊಂಡ ಒಂದು ಮಾತಿಗಾಗಿ.

ದಕ್ಷಿಣ ಆಫ್ರಿಕ ಒಂದು ಅಪೂರ್ವ ಪ್ರಯೋಗ ಮಾಡಿತು. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅವರ ಅಧ್ಯಕ್ಷತೆಯಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗವನ್ನು ಕೂರಿಸಿ, ನಡೆದದ್ದನ್ನು ಮರೆಮಾಚದೆ ಹೇಳಿದವನಿಗೆ ಶಿಕ್ಷೆಯಿಂದ ಬಿಡುಗಡೆ ಸಿಗಬಹುದೆಂದು ಸಾರಿತು. ಸತ್ಯವೇ ದಂಡ. ಡಿ ಕ್ಲರ್ಕನೂ ಆಯೋಗದ ಮುಂದೆ ಬಂದ. ವರ್ಣಭೇದದಿಂದ ನೊಂದವರ ಕ್ಷಮೆಯನ್ನೂ ಕೇಳಿದ. ಆದರೆ ಕೊಲೆ, ಚಿತ್ರಹಿಂಸೆಗಳ ವಿಷಯ ಬಂದಾಗ, ಅವು ಕೆಳಗಿನವರ ಅತಿರೇಕ, ಸರಕಾರದ ನೀತಿಯಲ್ಲ, ತನಗೆ ತಿಳಿದಿರಲಿಲ್ಲ ಎಂದ. ಬಿಷಪ್ಪರು ಈ ಮಾತನ್ನು ಕೇಳಿ ಬಹಳ ನೊಂದುಕೊಂಡರು. ೧೯೯೮ರಲ್ಲಿ ಆಯೋಗದ ವರದಿ ಹೊರಬರುವಾಗ, ತನ್ನ ವಿಷಯದ ತೀರ್ಮಾನ ಅಚ್ಚಾಗಬಾರದೆಂದು ಡಿ ಕ್ಲರ್ಕ್ ನ್ಯಾಯಾಲಯಕ್ಕೆ ಹೋದ. ವರದಿಯಲ್ಲಿ ಆ ಭಾಗದ ಮೇಲೆ ಮಸಿ ಬಳಿದು ಪ್ರಕಟಿಸಬೇಕಾಯಿತು. ಸತ್ಯವನ್ನು ಹೇಳುವುದಕ್ಕೆಂದೇ ಹುಟ್ಟಿದ ಗ್ರಂಥದಲ್ಲಿ ಒಂದು ಕಪ್ಪು ಪುಟ!

ಅಲ್ಲಿಂದ ಮುಂದೆಯೂ ಇದೇ. ವರ್ಣಭೇದ ತಂದ ಕಷ್ಟಕ್ಕೆ ವಿಷಾದಿಸುತ್ತೇನೆ ಎನ್ನುವುದು. ಆದರೆ ಬೇರೆ ಬೇರೆ ಜನಾಂಗಗಳು ಬೇರೆ ಬೇರೆಯಾಗಿ ಬಾಳಬೇಕೆಂಬ ಮೂಲ ವಿಚಾರ ಕೆಟ್ಟದ್ದಾಗಿರಲಿಲ್ಲ ಎಂಬಂತೆ ನುಣುಚಿಕೊಳ್ಳುವುದು. ೨೦೧೨ರಲ್ಲಿ ಒಂದು ಅಮೆರಿಕನ್ ಟೆಲಿವಿಷನ್ ಸಂದರ್ಶನದಲ್ಲಿ ಹೀಗೆಯೇ ಆಯಿತು. ೨೦೨೦ರಲ್ಲಿ ತನ್ನ ದೇಶದ ಟೆಲಿವಿಷನ್ನಿನಲ್ಲಿ, ವರ್ಣಭೇದವನ್ನು ಮಾನವಕುಲದ ವಿರುದ್ಧದ ಅಪರಾಧವೆನ್ನಲು ಪೂರ್ತಿಯಾಗಿ ಒಪ್ಪಲಾರೆ ಎಂದ. ವಿಶ್ವಸಂಸ್ಥೆ ದಶಕಗಳ ಹಿಂದೆಯೇ ಹಾಗೆಂದು ಸಾರಿತ್ತು. ದೇಶವೆಲ್ಲ ಕೋಲಾಹಲವಾಗಿ, ಆತನ ಸಂಸ್ಥೆ ಮಾತನ್ನು ಹಿಂದಕ್ಕೆ ತೆಗೆದುಕೊಂಡು ಕ್ಷಮೆ ಕೇಳಿತು. ಮರುವರ್ಷ ಆತ ಸತ್ತ ದಿನವೇ ಆ ಸಂಸ್ಥೆ ಆತನ ಚಿತ್ರಮುದ್ರಿಕೆಯೊಂದನ್ನು ಹೊರತಂದಿತು. ರೋಗದಿಂದ ಸೊರಗಿದ ಮುಖ, ಕುಂದಿದ ದನಿ. ಕರಿಯ, ಮಿಶ್ರವರ್ಣದ ಮತ್ತು ಭಾರತೀಯ ಮೂಲದ ಜನಕ್ಕೆ ವರ್ಣಭೇದ ಮಾಡಿದ ನೋವಿಗೆ, ಅವಮಾನಕ್ಕೆ ಯಾವ ಷರತ್ತೂ ಇಲ್ಲದೆ ಕ್ಷಮೆ ಕೇಳುತ್ತೇನೆ ಎಂದು ಅದರಲ್ಲಿ ಹೇಳಿದ್ದ. ಕೊನೆಗೂ ಮಾತು ಬಂತು. ಆದರೆ ಯಾರೂ ಎದುರು ಪ್ರಶ್ನೆ ಕೇಳಲಾಗದ ಹೊತ್ತಿನಲ್ಲಿ ಬಂತು.

ಇಷ್ಟು ದೂರದ ಮನುಷ್ಯನ ಮಾತಿಗೆ ನಾನೇಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಕು? ಕಾರಣ ನನ್ನ ಮನೆಯಲ್ಲಿಯೇ ಇದೆ.

ನಮ್ಮ ತಾತ ಹಳ್ಳಿಯಲ್ಲಿ ಸ್ವಲ್ಪ ಜಮೀನು, ಒಂದು ಸಿಹಿನೀರಿನ ಬಾವಿ ಇದ್ದವರು. ಒಂದು ಬರಗಾಲದ ವರ್ಷ ಊರಿನ ಕೇರಿಯ ಬಾವಿ ಬತ್ತಿತು. ತಾತ ಹಿತ್ತಿಲಿನ ಬಾಗಿಲು ತೆಗೆಸಿ, ಕೇರಿಯವರು ಬಂದು ನಮ್ಮ ಬಾವಿಯಲ್ಲಿಯೇ ಸೇದಿಕೊಂಡು ಹೋಗಲಿ ಎಂದರು. ಬಂಧುಗಳು ಮುನಿಸಿಕೊಂಡರು, ಒಬ್ಬಿಬ್ಬರು ಊಟಕ್ಕೆ ಬರುವುದನ್ನೇ ಬಿಟ್ಟರು. ತಾತ ಜಗ್ಗಲಿಲ್ಲ. ಮಳೆ ಬಂದ ಮೇಲೂ ಆ ಬಾಗಿಲನ್ನು ಮುಚ್ಚಲಿಲ್ಲ. ಕಾಲ ಬದಲಾಗಿತ್ತು, ಕಾನೂನು ಇತ್ತು, ಕೂಲಿಗೆ ಜನ ಸಿಗುವುದು ಕಷ್ಟವಾಗಿತ್ತು ಎಂಬುದೆಲ್ಲ ನಿಜ. ಆದರೂ ಅದೇ ಕಾಲದಲ್ಲಿ ಅದೇ ಊರಿನ ಇತರ ಬಾವಿಗಳು ಮುಚ್ಚಿಯೇ ಇದ್ದವಲ್ಲ! ನಮ್ಮ ಮನೆಯಲ್ಲಿ ಈ ಕಥೆಯನ್ನು ಮದುವೆ ಮುಂಜಿಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ನಾನೂ ಹೇಳುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಒಂದು ಸಮಾರಂಭದಲ್ಲಿ, ನಾಲ್ಕು ಜನರ ನಡುವೆ, ಈ ಕಥೆಯನ್ನು ಹೇಳಿ ಮುಗಿಸಿದೆ. ಕೇಳಿದವರಲ್ಲಿ ಒಬ್ಬರು ನಮ್ಮ ಊರಿನವರೇ. ತಾತನ ಹೊಲದಲ್ಲಿ ಬಾಳೆಲ್ಲ ದುಡಿದವರೊಬ್ಬರ ಮಗ, ಈಗ ಒಳ್ಳೆಯ ಹುದ್ದೆಯಲ್ಲಿದ್ದಾರೆ. ಸಿಟ್ಟಿಲ್ಲದೆ, ಮೆಲ್ಲನೆ ಹೇಳಿದರು: "ಬಾವಿ ಬಿಟ್ಟುಕೊಟ್ಟದ್ದು ನನಗೂ ನೆನಪಿದೆ, ಸಾರ್. ಅದಕ್ಕೆ ಮುಂಚೆ ನಮ್ಮವ್ವ ಆ ಬಾವಿಯಿಂದ ಹತ್ತು ಮಾರು ದೂರ ಬಿಂದಿಗೆ ಇಟ್ಟುಕೊಂಡು, ಯಾರಾದರೂ ಪುಣ್ಯಾತ್ಮರು ನೀರು ಹುಯ್ಯಲಿ ಎಂದು ಬಿಸಿಲಲ್ಲಿ ನಿಂತಿರುತ್ತಿದ್ದದ್ದೂ ನೆನಪಿದೆ. ನಿಮ್ಮ ಮನೆಯಲ್ಲಿ ಕಥೆ ಬಾಗಿಲು ತೆಗೆದಲ್ಲಿಂದ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೂ ಮುಂಚಿನಿಂದ ಶುರುವಾಗುತ್ತದೆ."

ನಾನು ಏನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು? ನಮ್ಮ ಕಥೆಯಲ್ಲಿಯೂ ಒಂದು ಕಪ್ಪು ಪುಟವಿತ್ತು, ಮಸಿ ಬಳಿದಿದ್ದವರು ನಾವೇ. ಆಮೇಲೆ ಇನ್ನೊಂದು ನೆನಪಾಗಿ ನಾಚಿಕೆಯಾಯಿತು. ಆ ಗೆಳೆಯರ ತಂದೆಯನ್ನು, ನನಗಿಂತ ಮೂವತ್ತು ವರ್ಷ ಹಿರಿಯರನ್ನು, ಆರು ವರ್ಷದ ಹುಡುಗನಾಗಿದ್ದಾಗ ನಾನು 'ಬಾರೋ, ಹೋಗೋ' ಎಂದು ಕರೆಯುತ್ತಿದ್ದೆ. ಅವರು ನನ್ನನ್ನು 'ಬುದ್ಧೀ' ಎನ್ನುತ್ತಿದ್ದರು. ಬಾವಿ ತೆರೆದ ತಾತನೂ ಕೊನೆಯವರೆಗೆ ಆ ಏಕವಚನವನ್ನು ಬಿಡಲಿಲ್ಲ, ನನ್ನನ್ನು ತಿದ್ದಲೂ ಇಲ್ಲ. ಮಾಡಿದ್ದು ತಪ್ಪಾಯಿತು ಎಂದು ಅವರು ಯಾರೊಡನೆಯೂ ಹೇಳಿದ್ದನ್ನು ನಾನು ಕೇಳಿಲ್ಲ. ಬಾಗಿಲು ತೆಗೆದದ್ದೇ ಸಾಕು ಎಂದುಕೊಂಡಿದ್ದರೇನೋ. ಕೈ ಧಾರಾಳವಾಗಿತ್ತು, ನಾಲಗೆ ಬಿಗಿಯಾಗಿತ್ತು.

ಸಾಕಾಗುವುದಿಲ್ಲವೇ? ಮಾತು ಅಗ್ಗ, ಕೆಲಸ ದುಬಾರಿ ಎನ್ನುತ್ತಾರೆ. ದುಬಾರಿಯಾದದ್ದನ್ನು ಕೊಟ್ಟವನಿಂದ ಅಗ್ಗದ್ದನ್ನೇಕೆ ಕೇಳಬೇಕು? ನಾನು ಈ ಪ್ರಶ್ನೆಯನ್ನು ಬಹಳ ದಿನ ತಿರುವಿ ಹಾಕಿದ್ದೇನೆ. ನನಗೆ ಕಂಡದ್ದು ಇಷ್ಟು. ಅನ್ಯಾಯ ಮಾಡಿದವನ ಮೇಲೆ ಎರಡು ಋಣಗಳಿವೆ. ಒಂದು, ಅನ್ಯಾಯವನ್ನು ನಿಲ್ಲಿಸುವುದು. ಇದು ಮುಂದೆ ಬರುವವರಿಗೆ ಸಲ್ಲಬೇಕಾದದ್ದು. ಇನ್ನೊಂದು, ನಡೆದದ್ದು ಅನ್ಯಾಯವೆಂದು ಒಪ್ಪಿ ಹೇಳುವುದು. ಇದು ಆಗಲೇ ನೊಂದವರಿಗೆ ಸಲ್ಲಬೇಕಾದದ್ದು. ಮೊದಲನೆಯದನ್ನು ಕಾನೂನು, ಕಾಲ, ಬಹಿಷ್ಕಾರ, ಬರಗಾಲ ಯಾವುದಾದರೂ ಒಂದು ಬಲವಂತವಾಗಿ ವಸೂಲು ಮಾಡಬಲ್ಲದು. ಎರಡನೆಯದನ್ನು ಯಾರೂ ವಸೂಲು ಮಾಡಲಾರರು. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಅದರಿಂದಲೇ ಅದು ಕಷ್ಟ. ಡಿ ಕ್ಲರ್ಕನ ಬದುಕನ್ನು ನೋಡಿದರೆ ಮಾತು ಅಗ್ಗವೆಂದು ಹೇಗೆ ಹೇಳುವುದು? ರಾಜ್ಯವನ್ನು ಕೊಡುವುದು ಆತನಿಗೆ ನಾಲ್ಕು ವರ್ಷಗಳಲ್ಲಿ ಸಾಧ್ಯವಾಯಿತು. ಒಂದು ವಾಕ್ಯವನ್ನು ಕೊಡಲು ಮೂವತ್ತು ವರ್ಷ ಹಿಡಿಯಿತು.

ಆ ಮಾತು ಬಾರದಿದ್ದರೆ ಏನಾಗುತ್ತದೆಂಬುದನ್ನೂ ನೋಡಬೇಕು. ನೊಂದವನು ತನ್ನ ನೋವಿಗೆ ತಾನೇ ಸಾಕ್ಷಿಯಾಗಿ ಉಳಿಯುತ್ತಾನೆ. ಬಿಸಿಲಲ್ಲಿ ನಿಂತಿದ್ದ ತಾಯಿಯ ನೆನಪನ್ನು ಮಗನೊಬ್ಬನೇ ಹೊರಬೇಕಾಗುತ್ತದೆ. ಅವನು ಹೇಳಿದರೆ 'ಈಗ ಅದೇಕೆ ಕೆದಕುತ್ತೀಯೆ?' ಎನ್ನುತ್ತೇವೆ. ಇದರ ಮೇಲೆ, ಬಾಗಿಲು ತೆಗೆದದ್ದಕ್ಕೆ ಅವನಿಂದ ಕೃತಜ್ಞತೆಯನ್ನೂ ನಿರೀಕ್ಷಿಸುತ್ತೇವೆ. ಅವನ ಹಕ್ಕಿನ ನೀರು ನಮ್ಮ ದಾನವಾಗಿಬಿಡುತ್ತದೆ. ತಪ್ಪನ್ನು ಒಪ್ಪಿಕೊಳ್ಳದವನ ಒಳ್ಳೆಯ ಕೆಲಸಕ್ಕೆ ಇದೊಂದು ಗುಣ: ಅದು ಹಿಂದಿರುಗಿಸಿದ್ದನ್ನು ಉಡುಗೊರೆಯೆಂದು ತೋರಿಸುತ್ತದೆ.

ಹಾಗೆಂದು ಡಿ ಕ್ಲರ್ಕನ ಕೆಲಸವನ್ನು ಅಳಿಸಿ ಹಾಕಬೇಕೆಂದು ನಾನು ಹೇಳುವುದಿಲ್ಲ. ಮಂಡೇಲಾರೇ ಅಳಿಸಲಿಲ್ಲ. ಅವರಿಬ್ಬರ ನಡುವೆ ಕಹಿ ಮಾತು ಕಡಿಮೆಯಿರಲಿಲ್ಲ. ೧೯೯೧ರ ಡಿಸೆಂಬರಿನಲ್ಲಿ, ತುಂಬಿದ ಸಭೆಯಲ್ಲಿ, ಮಂಡೇಲಾ ಆತನನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿದ್ದರು. ಅದೇ ಮಂಡೇಲಾ ೧೯೯೪ರ ಚುನಾವಣೆಯ ಮುಂಚಿನ ಟೆಲಿವಿಷನ್ ಚರ್ಚೆಯಲ್ಲಿ ಆತನನ್ನು ಚೆನ್ನಾಗಿ ಜಾಡಿಸಿ, ಕೊನೆಗೆ ಕೈ ಚಾಚಿ ಆತನ ಕೈ ಹಿಡಿದುಕೊಂಡರು. ಲೆಕ್ಕದಲ್ಲಿ ಒಂದು ಬದಿಯನ್ನು ಇನ್ನೊಂದರಿಂದ ಕಳೆಯಲಿಲ್ಲ. ಎರಡು ಬದಿಗಳನ್ನೂ ಇದ್ದಂತೆಯೇ ಇಟ್ಟುಕೊಂಡರು. ನಾವು ಪಾಪಪುಣ್ಯಗಳನ್ನು ಕೂಡಿ ಕಳೆದು ಶೇಷವೆಷ್ಟೆಂದು ಕೇಳಲು ಹೋಗುತ್ತೇವೆ. ಮ್ಥಾಥಾದ ಮಕ್ಕಳನ್ನು ಯಾವುದರಿಂದ ಕಳೆಯುವುದು? ಅವರ ತಾಯಿಗೆ ನೊಬೆಲ್ ಪದಕವನ್ನು ತೋರಿಸುವ ಧೈರ್ಯ ಯಾರಿಗಿದೆ? ಹಾಗೆಯೇ, ೧೯೯೪ರಲ್ಲಿ ಮೊದಲ ಬಾರಿ ಮತ ಹಾಕಿದ ಮುದುಕಿಗೆ, ಬಾಗಿಲು ತೆಗೆದವನ ಮನಸ್ಸು ಶುದ್ಧವಾಗಿರಲಿಲ್ಲ, ಆದ್ದರಿಂದ ನಿನ್ನ ಮತಕ್ಕೆ ಬೆಲೆಯಿಲ್ಲ ಎಂದು ಕಾಂಟನಾದರೂ ಹೇಳಬಲ್ಲನೇ?

ಸತ್ತ ಮೇಲೆ ಬಂದ ಆ ಕ್ಷಮಾಯಾಚನೆಯ ಮಾತು? ತಡವಾಯಿತು, ಸಾಲದು, ಯಾರನ್ನು ಕೊಂದವರಾರೆಂದು ಹೇಳಲಿಲ್ಲ ಎಂದು ನೊಂದವರು ಹೇಳಿದರೆ ಅವರ ಮಾತೇ ಸರಿ. ಆದರೆ ನನ್ನಂಥವನು, ನೊಂದವರ ಕಡೆಯಲ್ಲಿಲ್ಲದವನು, ಅದನ್ನು ಬೇರೆ ರೀತಿಯಲ್ಲಿ ಕೇಳಬೇಕಾಗಿದೆ. ಜೀವಮಾನವೆಲ್ಲ ತಪ್ಪಿಸಿಕೊಂಡ ವಾಕ್ಯ ಸಾವಿನ ಮುಂದೆ ಆತನಿಂದ ಹೊರಟಿತು. ನಮ್ಮ ತಾತನಿಂದ ಹೊರಡಲಿಲ್ಲ. ಆತನಿಗಾಗಿ ಆತನೇ ಹೇಳಿದ. ತಾತನಿಗಾಗಿ ಹೇಳಲು ಈಗ ಉಳಿದಿರುವವರು ನಾವು.

ಮರುದಿನ ತರಗತಿಯಲ್ಲಿ ಆ ಹುಡುಗಿಗೆ ಹೀಗೆ ಹೇಳಿದೆ: ರಾವಣ ಸೀತೆಯನ್ನು ಆಗಲೇ ಕೊಟ್ಟಿದ್ದರೆ, ಕೊಟ್ಟ ಆ ಒಂದು ಕೆಲಸವನ್ನು ಹೊಗಳಬಹುದಾಗಿತ್ತು, ಲಂಕೆ ಉಳಿಯುತ್ತಿತ್ತು, ಎಷ್ಟೋ ಜೀವ ಉಳಿಯುತ್ತಿದ್ದವು, ಅದು ಸಣ್ಣದಲ್ಲ. ಆದರೆ ಅವನು ಸೀತೆಯ ಮುಂದೆ ನಿಂತು, 'ನಿನ್ನನ್ನು ತಂದದ್ದು ತಪ್ಪಾಯಿತು' ಎಂದು ಹೇಳುವವರೆಗೆ ಅವನ ಕೆಲಸ ಮುಗಿಯುತ್ತಿರಲಿಲ್ಲ. ಹುಡುಗಿ ಸ್ವಲ್ಪ ಯೋಚಿಸಿ ಕೇಳಿದಳು: "ಹೇಳಿದ್ದರೆ ಸೀತೆ ಕ್ಷಮಿಸಬೇಕಾಗಿತ್ತೇ, ಸಾರ್?" ಇಲ್ಲಮ್ಮ, ಅದು ಅವಳ ಇಷ್ಟ ಎಂದೆ. ಅವಳು ಒಪ್ಪಿದಂತೆ ತೋರಿತು.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ಆ ಗೆಳೆಯರ ತಂದೆಯವರನ್ನು ನೋಡಿಕೊಂಡು ಬಂದೆ. ಕಣ್ಣು ಮಂಜಾಗಿದೆ; ನಾನು ಯಾರೆಂದು ಹೇಳಿದ ಮೇಲೆ ಗುರುತು ಹಿಡಿದರು. 'ಚೆನ್ನಾಗಿದ್ದೀರಾ?' ಎಂದು ಕೇಳಿದೆ. ಆ ಬಹುವಚನ ನನ್ನ ಬಾಯಿಗೆ ಹೊಸದಾಗಿತ್ತು, ಅವರ ಕಿವಿಗೂ ಹೊಸದಾಗಿತ್ತೆಂದು ತೋರುತ್ತದೆ. ಹೇಳಬೇಕೆಂದುಕೊಂಡು ಹೋದದ್ದನ್ನು ತೊದಲಿ ತೊದಲಿ ಅರ್ಧ ಹೇಳಿದೆ. ಅವರು ಮಳೆಯ ವಿಷಯಕ್ಕೆ ಮಾತು ತಿರುಗಿಸಿದರು. ಅದು ಅವರ ಇಷ್ಟ.

ಮನೆಗೆ ಬಂದ ಮೇಲೆ ನನ್ನ ಮಗಳು ಬಾವಿಯ ಕಥೆಯನ್ನು ಮತ್ತೆ ಹೇಳು ಎಂದಳು. ಈ ಸಲ, ಹತ್ತು ಮಾರು ದೂರದಲ್ಲಿ ಬಿಂದಿಗೆ ಇಟ್ಟುಕೊಂಡು ಬಿಸಿಲಲ್ಲಿ ನಿಂತಿದ್ದ ಒಬ್ಬ ತಾಯಿಯಿಂದ ಮೊದಲು ಮಾಡಿದೆ.